ಹಿಂದಿನ ಸೀಟಿನ ಸ್ವಿಚ್ಚು

ಹೆಲ್ಮಾಳ ಬೆನ್ನಿನಲ್ಲಿ, ಸೊಂಟಕ್ಕಿಂತ ನಾಲ್ಕು ಬೆರಳು ಮೇಲೆ, ಒಂದು ಜಾಗವಿತ್ತು. ಆಲ್ಬ್ ಗುಡ್ಡದಿಂದ ಇಳಿದು ಬರುವ ಗಾಳಿ ಊರಿನ ಉಳಿದೆಲ್ಲ ಬೆನ್ನುಗಳನ್ನು ಬಿಟ್ಟು ನೇರವಾಗಿ ಅಲ್ಲಿಗೇ ಬಂದು ಹೊಡೆಯುತ್ತದೆ ಎಂಬುದು ಅವಳ ದೂರು. ಪಕ್ಕದ ಕೋಣೆಯ ಕಿಟಕಿ ಒಂದಿಷ್ಟು ತೆರೆದಿದ್ದರೂ ಆ ಜಾಗಕ್ಕೆ ಗೊತ್ತಾಗುತ್ತಿತ್ತು. ಚರ್ಚಿನಲ್ಲಿ ಯಾರಾದರೂ ತಡವಾಗಿ ಬಂದು ಬಾಗಿಲು ಸರಿಯಾಗಿ ಹಾಕದಿದ್ದರೆ, ಪಾದ್ರಿ ತಲೆ ಎತ್ತುವ ಮೊದಲೇ ಹೆಲ್ಮಾ ಹಿಂತಿರುಗಿ ನೋಡಿರುತ್ತಿದ್ದಳು.

ಆ ಜಾಗದಿಂದಲೇ ವೆಂಡೆಲಿನ್ ರಾಪ್‌ನ ಮೋಟಾರ್ ಸೈಕಲ್ಲಿಗೆ ಗಂಡಾಂತರ ಬಂತು.

ವೆಂಡೆಲಿನ್ ಹೆಲ್ಮಾಳ ಗಂಡ. ಊರಿನ ಈಜುಕೊಳದಲ್ಲಿ ಟಿಕೆಟ್ ಕೊಡುವ ಕೆಲಸ. ವಾರವೆಲ್ಲ ಬಿಸಿನೀರಿನ ಹಬೆಯಲ್ಲಿ, ಒದ್ದೆ ಮಕ್ಕಳ ಕಿರಿಚಾಟದ ನಡುವೆ ಗಾಜಿನ ಗೂಡಿನೊಳಗೆ ಬೆಂದ ಆಲೂಗಡ್ಡೆಯ ಹಾಗೆ ಕೂತಿರುತ್ತಿದ್ದ. ಶನಿವಾರ ಬಂತೆಂದರೆ ತನ್ನ ಹಳೆಯ ಬೈಕು ಹತ್ತಿ ಒಬ್ಬನೇ ಗುಡ್ಡ ಏರಿಬಿಡುತ್ತಿದ್ದ. ಅಲ್ಲಿ ಹೋಗಿ ಏನು ಮಾಡುತ್ತಿದ್ದ ಎಂದರೆ, ಏನೂ ಇಲ್ಲ. ಒಂದು ಬಂಡೆಯ ಮೇಲೆ ಕೂತು, ಬ್ರೆಡ್ಡಿನ ನಡುವೆ ಸಾಸೇಜು ಇಟ್ಟುಕೊಂಡು ತಿಂದು, ವಾಪಸು ಬರುತ್ತಿದ್ದ. ಆದರೆ ಅಷ್ಟು ಹೊತ್ತು ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದವನಿಗೆ ಇದು ಸಣ್ಣ ಸುಖವಲ್ಲ.

ಆ ವರ್ಷ ಮಾರ್ಚ್ ಮುಗಿಯುವ ಹೊತ್ತಿಗೆ ಹೆಲ್ಮಾ ಊಟದ ಮೇಜಿನಲ್ಲಿ ತೀರ್ಪು ಹೇಳಿದಳು.

"ನೋಡು ವೆಂಡೆಲಿನ್, ಗಂಡ ಹೆಂಡತಿ ಇಬ್ಬರಿಗೂ ಉಪಯೋಗಕ್ಕೆ ಬಾರದ ವಸ್ತು ಮನೇಲಿ ಇರಬಾರದು. ಆ ಹಿಂದಿನ ಸೀಟಲ್ಲಿ ಕೂತ್ರೆ ನನ್ನ ಬೆನ್ನು ಹೆಪ್ಪುಗಟ್ಟುತ್ತೆ. ಅದನ್ನ ಬೆಚ್ಚಗೆ ಮಾಡು. ಆಗಲ್ಲ ಅಂದ್ರೆ ಗಾಡಿ ಕೂನೊಗೆ ಕೊಟ್ಟುಬಿಡೋಣ. ಅವನು ಕೇಳ್ತಾನೇ ಇದ್ದಾನೆ."

ಕೂನೊ ಅಂದರೆ ಹೆಲ್ಮಾಳ ತಮ್ಮ. ಗುಡ್ಡದ ಮೇಲಿನ ಹಳ್ಳಿಯಲ್ಲಿ ಹಸು ಸಾಕಿಕೊಂಡಿದ್ದ.

"ಕೂನೊ ಯಾವಾಗ ಕೇಳಿದ?"

"ಕೇಳಿದ. ಮುಂದಿನ ಶನಿವಾರ ನಾಲ್ಕು ಗಂಟೆಗೆ ಅವನ ಮನೇಲಿ ಕಾಫಿಗೆ ಕರೆದಿದ್ದಾನೆ. ಬೈಕಲ್ಲೇ ಹೋಗೋಣ. ನನ್ನ ಬೆನ್ನು ಬೆಚ್ಚಗಿದ್ರೆ ಅದರಲ್ಲೇ ವಾಪಸ್ ಬರೋಣ. ಇಲ್ಲಾಂದ್ರೆ ಗಾಡಿ ಅಲ್ಲೇ ಬಿಟ್ಟು ಬಸ್ಸಿಗೆ ಬರೋಣ. ನಿನಗೇನಾದ್ರೂ ಚಳಿ ಆಯ್ತು ಅನ್ನು, ಆಗ ಮಾತೇ ಬೇಡ. ಓಡಿಸೋನಿಗೇ ಚಳಿ ಆಗೋ ಗಾಡಿ ಯಾವ ಸುಖಕ್ಕೆ?"

ವೆಂಡೆಲಿನ್ ಆ ರಾತ್ರಿಯೇ ಸಾಮಾನು ತರಿಸಲು ಹೇಳಿದ. ಹೆಲ್ಮಾಳಿಗೆ ಒಳಗೆ ತಂತಿ ಹೆಣೆದ, ಕರೆಂಟಿನಿಂದ ಬಿಸಿಯಾಗುವ ಕೋಟು. ತನಗೆ ಹ್ಯಾಂಡಲ್ಲಿನ ಎರಡು ಬಿಸಿ ಹಿಡಿಕೆ. ಇವಕ್ಕೆಲ್ಲ ಕರೆಂಟು ಕೊಡಲು ಸಾಕೆಟ್ಟು, ಫ್ಯೂಸು, ಸ್ವಿಚ್ಚು, ಮತ್ತು ಒಂದು ಸಣ್ಣ ಊರಿಗೆ ದೀಪ ಹಾಕಬಹುದಾದಷ್ಟು ವೈರು.

ಕಾಫಿಗೆ ಹೋಗುವ ಶನಿವಾರ ಬೆಳಿಗ್ಗೆ, ಕಟ್ಟಡದ ಎಲ್ಲ ಮನೆಗಳಿಗೂ ಸೇರಿದ ಅಂಗಳದಲ್ಲಿ ಬೈಕಿನ ಸೀಟು ಬಿಚ್ಚಿ, ವೈರುಗಳನ್ನು ಶಾವಿಗೆ ಒಣಹಾಕಿದ ಹಾಗೆ ಹರಡಿಕೊಂಡು ಕೂತ. ಕೂತು ಐದು ನಿಮಿಷವಾಗಿರಲಿಲ್ಲ, ಎದುರು ಮನೆಯ ಗೆರೋಲ್ಡ್ ಬಂದು ಪಕ್ಕದಲ್ಲಿ ನಿಂತ. ಗೆರೋಲ್ಡ್ ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ನಿವೃತ್ತಿಯಾದ ಮೇಲೆ ಅವನಿಗೆ ಬೇರೆಯವರ ವೈರು ಕಂಡರೆ, ಬೆಕ್ಕಿಗೆ ಮೀನಿನ ವಾಸನೆ ಬಂದ ಹಾಗೆ ಆಗುತ್ತಿತ್ತು.

"ಇದೇನೋ, ಬೈಕಿಗೆ ಕರುಳು ಆಪರೇಷನ್ನಾ?"

"ಹೆಲ್ಮಾಗೆ ಬಿಸಿ ಕೋಟು. ನನಗೆ ಬಿಸಿ ಹಿಡಿಕೆ."

"ಎರಡೂ?" ಗೆರೋಲ್ಡ್ ಕನ್ನಡಕ ಹಾಕಿಕೊಂಡು ಬಗ್ಗಿದ. "ಮಾರಾಯ, ನಿನ್ನ ಗಾಡಿ ಡೈನಮೊ ನಮ್ಮಜ್ಜಿ ಕಾಲದ್ದು. ಎದುರಿನ ದೀಪ ಉರಿಸಿ, ಎಂಜಿನ್ನಿಗೆ ಕಿಡಿ ಕೊಟ್ಟು, ಮಿಕ್ಕ ಕರೆಂಟಲ್ಲಿ ಒಂದು ಜೀವ ಬೆಚ್ಚಗಿಡಬಹುದು. ಎರಡು ಜೀವ ಆಗಲ್ಲ. ಎರಡನ್ನೂ ಒಟ್ಟಿಗೆ ಹಾಕಿದ್ರೆ ಅರ್ಧ ಗುಡ್ಡದಲ್ಲಿ ಬ್ಯಾಟರಿ ಮಲಗುತ್ತೆ."

"ಹಂಗಾದ್ರೆ ಏನ್ಮಾಡೋದು?"

"ಸುಲಭ. ಒಂದೇ ಸ್ವಿಚ್ಚು. ಈ ಕಡೆ ಒತ್ತಿದ್ರೆ ಕೋಟು, ಆ ಕಡೆ ಒತ್ತಿದ್ರೆ ಹಿಡಿಕೆ. ಒಂದು ಲಿಫ್ಟು ಒಂದೇ ಸಲಕ್ಕೆ ಮೇಲಕ್ಕೂ ಕೆಳಕ್ಕೂ ಹೋಗುತ್ತೇನೋ? ಸರದಿ ಮೇಲೆ ಹೋಗಬೇಕು. ಸ್ವಿಚ್ಚು ಹ್ಯಾಂಡಲ್ ಹತ್ರ, ನಿನ್ನ ಕೈಗೆ ಸಿಗೋ ಹಾಗೆ ಇಟ್ಕೋ. ಸ್ವಲ್ಪ ಹೊತ್ತು ಅವಳಿಗೆ, ಸ್ವಲ್ಪ ಹೊತ್ತು ನಿನಗೆ. ಅವಳಿಗೆ ಗೊತ್ತೂ ಆಗಲ್ಲ."

ವೆಂಡೆಲಿನ್‌ಗೆ ಗೆರೋಲ್ಡನ ಮೇಲೆ ಮೊದಲ ಸಲ ಪ್ರೀತಿ ಉಕ್ಕಿತು.

ಆದರೆ ಗೆರೋಲ್ಡ್‌ಗೆ ಸುಮ್ಮನೆ ವೈರು ಸೇರಿಸಿದರೆ ಸಮಾಧಾನವಿಲ್ಲ. ಮೊದಲು ಕಾಗದದ ಮೇಲೆ ಚಿತ್ರ ಬರೆಯಬೇಕು. ಚಿತ್ರ ಬರೆಯಲು ಕಾಫಿ ಬೇಕು. ಕಾಫಿ ಮುಗಿಸಿ ವೈರು ಸೇರಿಸಿದಾಗ ಫ್ಯೂಸು ಪಟ್ಟೆಂದು ಹೋಯಿತು. ಗೆರೋಲ್ಡ್ ಚಿತ್ರ ನೋಡಿ, "ಚಿತ್ರ ಸರಿಯಾಗೇ ಇದೆ, ನಿನ್ನ ಬೈಕ್ ತಪ್ಪು" ಎಂದ. ಇನ್ನೊಂದು ಫ್ಯೂಸು ಹಾಕಿದರು. ಅದೂ ಹೋಯಿತು. ಆಗ ಚಿತ್ರವನ್ನು ತಲೆಕೆಳಗಾಗಿ ಹಿಡಿದಿದ್ದು ಗೊತ್ತಾಯಿತು. ಅಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಸ್ವಿಚ್ಚು ಕೂರಿಸಲು ಹ್ಯಾಂಡಲ್ಲಿನ ಪಟ್ಟಿಗೆ ಒಂದು ತೂತು ಕೊರೆಯುವುದಷ್ಟೇ ಬಾಕಿ. ವೆಂಡೆಲಿನ್ ಡ್ರಿಲ್ ಹಿಡಿದು ಶುರುಮಾಡಿದ. ಅರ್ಧ ತೂತು ಆಗಿತ್ತು.

"ಹೆರ್ ರಾಪ್!"

ಮೇಲಿನ ಅಂತಸ್ತಿನ ಕಿಟಕಿಯಲ್ಲಿ ಫ್ರೌ ಬೋಸ್ಲರ್; ಆ ಬೀದಿಯಲ್ಲಿ ಗಂಡಸರೆಲ್ಲ ಹೆರ್, ಹೆಂಗಸರೆಲ್ಲ ಫ್ರೌ. ಕಿಟಕಿಯ ಕಟ್ಟೆಗೆ ದಿಂಬು ಹಾಕಿ, ದಿಂಬಿನ ಮೇಲೆ ಮೊಣಕೈ ಊರಿ, ಬೀದಿಯನ್ನು ಕಾಯುವುದು ಆಕೆಯ ದಿನಚರಿ. ಸಂಬಳ ಕೊಟ್ಟಿದ್ದರೆ ಯಾವ ಪೊಲೀಸನೂ ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ.

"ಹೆರ್ ರಾಪ್, ಒಂದು ಗಂಟೆ ಆಯ್ತು."

ಚರ್ಚಿನ ಗಂಟೆ ಆಗ ಹೊಡೆಯಿತು. ಆಕೆಗಿಂತ ಸ್ವಲ್ಪ ಹಿಂದೆ ಇತ್ತು ಅಷ್ಟೇ. ಒಂದರಿಂದ ಮೂರರವರೆಗೆ ಮಧ್ಯಾಹ್ನದ ಮೌನ. ಆ ಹೊತ್ತಿನಲ್ಲಿ ಆ ಬೀದಿಯಲ್ಲಿ ಸುತ್ತಿಗೆ ಏಳುವುದಿಲ್ಲ, ಡ್ರಿಲ್ ತಿರುಗುವುದಿಲ್ಲ. ಮಗು ಹುಟ್ಟುವುದಾದರೂ ಮೂರರ ಮೇಲೆ ಅಳಬೇಕು.

"ಇನ್ನೊಂದೇ ನಿಮಿಷ ಫ್ರೌ ಬೋಸ್ಲರ್. ತೂತು ಅರ್ಧ ಆಗಿದೆ."

"ಉಳಿದರ್ಧ ಮೂರು ಗಂಟೆಗೆ ಮಾಡ್ಕೊಳ್ಳಿ. ಮೌನದಲ್ಲಿ ಅರ್ಧ ಮೌನ ಅಂತ ಇಲ್ಲ."

"ಆದ್ರೆ ಮೂರು ಗಂಟೆಗೆ ನಾವು ಹೊರಡಬೇಕು. ನಾಲ್ಕಕ್ಕೆ ಕಾಫಿ..."

"ಅದಕ್ಕೇ ಬೇಗ ಏಳಬೇಕು ಅನ್ನೋದು. ಅಂದ ಹಾಗೆ, ಈ ವಾರ ಅಂಗಳ ಗುಡಿಸೋ ಸರದಿ ನಿಮ್ಮದು. ಆ ಕಬ್ಬಿಣದ ಪುಡಿ ನನಗೆ ಇಲ್ಲಿಂದಾನೇ ಕಾಣ್ತಿದೆ."

ಇನ್ನೊಂದು ದೇಶದವನಾಗಿದ್ದರೆ ಆ ಅರ್ಧ ತೂತನ್ನು ಒಂದೇ ಉಸಿರಿಗೆ ಕೊರೆದು ಮುಗಿಸಿ, ಬೈಸಿಕೊಂಡು ಸುಮ್ಮನಾಗುತ್ತಿದ್ದ. ವೆಂಡೆಲಿನ್ ಆ ಬೀದಿಯಲ್ಲೇ ಹುಟ್ಟಿದವನು. ಬಟನ್ನಿನಿಂದ ಬೆರಳು ತೆಗೆದ. ಡ್ರಿಲ್ ಅರ್ಧ ತೂತಿನಲ್ಲೇ ಸಿಕ್ಕಿ ನಿಂತಿತು.

"ಕೈಯಲ್ಲೇ ತಿರುಗಿಸಿ ಕೊರೆಯೋಣ್ವಾ?" ವೆಂಡೆಲಿನ್ ಪಿಸುಗುಟ್ಟಿದ.

"ನಾಳಿದ್ದು ಮುಗಿಯುತ್ತೆ," ಗೆರೋಲ್ಡೂ ಪಿಸುಗುಟ್ಟಿದ. ಬೈಕಿನ ಸುತ್ತ ಒಂದು ಸುತ್ತು ಬಂದ. ಹಿಂದೆ, ಸೀಟಿನ ಪಕ್ಕದ ಹಿಡಿಕಂಬಿಯಲ್ಲಿ ಯಾವುದೋ ಕಾಲದಲ್ಲಿ ಪೆಟ್ಟಿಗೆಯ ಬೀಗ ಕೂರಿಸಿದ್ದ ತೂತು ಖಾಲಿ ಇತ್ತು. ಸ್ವಿಚ್ಚನ್ನು ಅದಕ್ಕೆ ಹಿಡಿದು ನೋಡಿದ. ಗೂಡಿಗೆ ಹಕ್ಕಿ ಬಂದ ಹಾಗೆ ಕೂತಿತು.

"ನೋಡು, ಸದ್ದೇ ಇಲ್ಲ. ಹೇಳಿ ಮಾಡಿಸಿದ ಹಾಗಿದೆ."

"ಆದ್ರೆ ಗೆರೋಲ್ಡ್, ಅದು ಹಿಂದೆ ಕೂತೋರ ಕೈಗೆ ಸಿಗುತ್ತೆ. ನನ್ನ ಕೈಗೆ ಸಿಗಲ್ಲ."

"ನಿನ್ನ ಹೆಂಡತಿ ತಾನೇ ಕೂರೋದು? ಶತ್ರು ಅಲ್ವಲ್ಲ. ಕೈಸನ್ನೆ ಮಾಡು, ತಿರುಗಿಸ್ತಾಳೆ."

ಬೇರೆ ದಾರಿಯೂ ಇರಲಿಲ್ಲ. ಇಬ್ಬರು ಗಂಡಸರು ಕಳ್ಳರ ಹಾಗೆ ಬೆರಳ ತುದಿಯಲ್ಲಿ ಸ್ಕ್ರೂ ತಿರುಗಿಸಿದರು. ಒಮ್ಮೆ ಸ್ಪ್ಯಾನರ್ ಕೈಜಾರಿತು. ಗೆರೋಲ್ಡ್ ಅದನ್ನು ನೆಲ ಮುಟ್ಟುವ ಮೊದಲೇ ತನ್ನ ಚಪ್ಪಲಿಯ ಮೇಲೆ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಬಾಯಿ ಬಿಡದೆ ನಿಂತ. ಕಿಟಕಿಯ ದಿಂಬಿನಿಂದ ಒಂದು ಮೆಚ್ಚುಗೆಯ ನೋಟ ಇಳಿದು ಬಂತು.

ಸಾಕೆಟ್ಟು ಸಿದ್ಧವಾದ ಸುದ್ದಿ ಹೇಗೆ ಹಬ್ಬಿತೋ, ಕೆಳಗಿನ ಮನೆಯ ಹೆರ್ ಓಟ್ ಬೆಕ್ಕಿನ ಹೆಜ್ಜೆಯಲ್ಲಿ ಬಂದರು.

"ಇದು ಮನೆ ಮೀಟರಿಗೆ ಸೇರಿದ್ದಲ್ಲ ತಾನೇ?" ಪಿಸುಮಾತು.

"ಅಲ್ಲ. ಬ್ಯಾಟರಿದು."

"ಹಾಗಾದ್ರೆ ಯಾರ ದುಡ್ಡೂ ಅಲ್ಲ," ಎಂದು ಹೆರ್ ಓಟ್ ಜೇಬಿನಿಂದ ಫೋನ್ ತೆಗೆದು ಸಿಕ್ಕಿಸಿದರು. ಇನ್ನೊಂದು ಜೇಬಿನಿಂದ ಹೆಂಡತಿಯ ಫೋನು ಬಂತು. ಒಳಗೆ ಹೋಗಿ ಗಡ್ಡ ಬೋಳಿಸುವ ಯಂತ್ರವನ್ನೂ ತಂದರು.

ಹೆಲ್ಮಾ ಊಟ ಮುಗಿಸಿ, ಬಿಸಿ ಕೋಟು ತೊಟ್ಟು ಪರೀಕ್ಷೆಗೆ ಬಂದಳು. ಹಿಂದಿನ ಸೀಟಿನಲ್ಲಿ ಕೂತು, ವೈರು ಸಿಕ್ಕಿಸಿಕೊಂಡು, ಸ್ವಿಚ್ಚು ಒತ್ತಿದಳು. ಮುಖದಲ್ಲಿ ಏನೂ ಕಾಣಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಭುಜ ಇಳಿಯಿತು, ಗಲ್ಲ ಸಡಿಲಾಯಿತು, ಕಣ್ಣು ಅರ್ಧ ಮುಚ್ಚಿತು.

"ಹ್ಮ್," ಎಂದಳು.

ಇಪ್ಪತ್ತು ವರ್ಷದ ಸಂಸಾರದಲ್ಲಿ ಅಂಥ "ಹ್ಮ್" ವೆಂಡೆಲಿನ್ ಕೇಳಿರಲಿಲ್ಲ. ಹೆಲ್ಮಾ ಹೆಣೆಯುವ ಉಲ್ಲನ್ ತರಿಸಿಕೊಂಡು ಮೌನ ಮುಗಿಯುವವರೆಗೆ ಅಲ್ಲೇ ಕೂತು ಒಂದು ಕಾಲುಚೀಲದ ಹಿಮ್ಮಡಿ ಮುಗಿಸಿದಳು.

ಮೂರು ಹೊಡೆಯಿತು. ಬೀದಿಯಲ್ಲಿ ಒಮ್ಮೆಲೇ ನಾಲ್ಕು ಸುತ್ತಿಗೆ, ಎರಡು ಹುಲ್ಲು ಕತ್ತರಿಸುವ ಯಂತ್ರ ಎದ್ದವು. ವೆಂಡೆಲಿನ್ ಬೈಕಿನ ಬಟನ್ ಒತ್ತಿದ. ಬೈಕು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಬ್ಯಾಟರಿಯಲ್ಲಿದ್ದದ್ದು ಹೆಲ್ಮಾಳ ಬೆನ್ನಿಗೂ ಹೆರ್ ಓಟ್‌ರ ಗಡ್ಡಕ್ಕೂ ಹೋಗಿತ್ತು.

"ತಳ್ಳು!" ಎಂದ ಗೆರೋಲ್ಡ್.

"ನೀನೂ ಕೈ ಹಾಕು."

"ನನ್ನ ಕಾಲ್ಬೆರಳು ಊದಿದೆ ಕಣೋ. ಸ್ಪ್ಯಾನರ್ ಯಾರದ್ದು?"

ಹೆರ್ ಓಟ್ ಫೋನುಗಳನ್ನು ಜೇಬಿಗೆ ಹಾಕಿಕೊಂಡು, ಸೊಂಟ ಹಿಡಿದುಕೊಂಡು ಒಳಗೆ ಹೋದರು. ವೆಂಡೆಲಿನ್ ಚರ್ಮದ ಜಾಕೆಟ್ಟು, ದಪ್ಪ ಬೂಟು, ಹೆಲ್ಮೆಟ್ಟು ಸಮೇತ ಬೈಕು ತಳ್ಳಿಕೊಂಡು ಬೀದಿಯುದ್ದಕ್ಕೂ ಓಡಿದ. ಆಗಲಿಲ್ಲ. ತಿರುಗಿಸಿಕೊಂಡು ಓಡಿದ. ಬೀದಿಯ ಎಲ್ಲ ಕಿಟಕಿಗಳಿಗೂ ದಿಂಬುಗಳು ಬಂದವು. "ಎರಡನೇ ಗೇರು!" "ಕ್ಲಚ್ಚು ಈಗ ಬಿಡು!" "ಈಗಲ್ಲ, ಈಗ!" ಕೊನೆಗೆ ಎಂಜಿನ್ ಹಿಡಿದುಕೊಂಡಾಗ ಅವನ ಒಳಂಗಿ, ಅಂಗಿ, ಸ್ವೆಟರು ಮೂರೂ ಬೆವರಿನಲ್ಲಿ ತೊಪ್ಪೆಯಾಗಿದ್ದವು.

"ಅಂಗಿ ಬದಲಾಯಿಸಿ ಬರ್ತೀನಿ."

"ಹೊತ್ತಿಲ್ಲ," ಹೆಲ್ಮಾ ಆಗಲೇ ಹತ್ತಿ ಕೂತು ವೈರು ಸಿಕ್ಕಿಸಿಕೊಳ್ಳುತ್ತಿದ್ದಳು. "ನಾಲ್ಕು ಗಂಟೆ ಅಂದ್ರೆ ನಾಲ್ಕು ಗಂಟೆ."

"ಎಂಜಿನ್ ಮಾತ್ರ ಆರಿಸಬೇಡ!" ಗೆರೋಲ್ಡ್ ಕೂಗಿದ.

ವೆಂಡೆಲಿನ್ ಹಿಂದೆ ತಿರುಗಿ, ಆದಷ್ಟು ಸಹಜ ದನಿಯಲ್ಲಿ ಹೇಳಿದ: "ಹೆಲ್ಮಾ, ಬ್ಯಾಟರಿಗೆ ನಡುನಡುವೆ ವಿಶ್ರಾಂತಿ ಬೇಕು. ನಾನು ಎಡಗೈ ಎತ್ತಿದಾಗ ಸ್ವಿಚ್ಚನ್ನ ಆ ಕಡೆ ಒತ್ತು. ಸರಿನಾ?"

"ಸರಿ."

ಬಯಲಿನಲ್ಲಿ ಹೋಗುವವರೆಗೆ ತೊಂದರೆಯಿರಲಿಲ್ಲ. ಬಿಸಿಲಿತ್ತು, ಚೆರ್ರಿ ಮರಗಳು ಹೂ ಬಿಡುವ ಲೆಕ್ಕಾಚಾರದಲ್ಲಿದ್ದವು. ಗುಡ್ಡದ ರಸ್ತೆ ಹತ್ತಲು ಶುರುವಾದ ಕೂಡಲೇ ಬೆವರಿದ ಅಂಗಿ ಮೈಗೆ ಒದ್ದೆ ಗೋಣಿಚೀಲದ ಹಾಗೆ ಅಂಟಿಕೊಂಡಿತು. ಗುಡ್ಡದ ಕೆಳಗಿನ ಊರುಗಳವರಲ್ಲಿ ಒಂದು ಮಾತಿದೆ: ಆಲ್ಬ್ ಮೇಲೆ ಯಾವಾಗಲೂ ಒಂದು ಕೋಟಿನಷ್ಟು ಹೆಚ್ಚು ಚಳಿ. ಆ ಒಂದು ಕೋಟು ಇವತ್ತು ಹೆಲ್ಮಾಳ ಮೈಮೇಲಿತ್ತು.

ಬೆರಳುಗಳು ಮರಗಟ್ಟತೊಡಗಿದವು. ವೆಂಡೆಲಿನ್ ಎಡಗೈ ಎತ್ತಿದ.

ಎದುರಿನಿಂದ ಬರುತ್ತಿದ್ದ ಬೈಕಿನವನೂ ಎಡಗೈ ಎತ್ತಿದ. ಆ ಸೀಮೆಯಲ್ಲಿ ಅದು ಪದ್ಧತಿ. ಎದುರುಬದುರಾದ ಬೈಕಿನವರು ಕೈ ಎತ್ತದೆ ಹೋದರೆ ಮದುವೆಮನೆಯಲ್ಲಿ ಮಾತಾಡಿಸದೆ ಹೋದಷ್ಟು ತಪ್ಪು. ವರ್ಷದ ಮೊದಲ ಬಿಸಿಲಿನ ಶನಿವಾರ ಬೇರೆ. ಜಿಲ್ಲೆಯ ಬೈಕುಗಳೆಲ್ಲ ಚಳಿಗಾಲದ ನಿದ್ದೆ ಮುಗಿಸಿ ಆ ರಸ್ತೆಗೇ ಬಂದಿದ್ದವು.

ಹಿಡಿಕೆ ಬಿಸಿಯಾಗಲಿಲ್ಲ. ಮತ್ತೆ ಎತ್ತಿದ. ಎದುರಿನಿಂದ ಮೂರು ಬೈಕು, ಮೂರು ಕೈ. ಹಿಂದಿನಿಂದ ಹೆಲ್ಮಾ ಕೂಗಿದಳು: "ಎಷ್ಟು ಒಳ್ಳೇ ಜನ!"

ತಿರುವಿನಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು ಮತ್ತೊಮ್ಮೆ ಎತ್ತಿ, ಜೋರಾಗಿ ಬೀಸಿದ. ಹೊಲದಲ್ಲಿ ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಮುದುಕ ಟೋಪಿ ತೆಗೆದು ಬೀಸಿದ. ಹೆಲ್ಮಾಳಿಗೆ ಉತ್ಸಾಹ ಬಂತು. ಅಲ್ಲಿಂದ ಮುಂದೆ ವೆಂಡೆಲಿನ್ ಕೈ ಎತ್ತಿದಾಗಲೆಲ್ಲ ಅವಳೂ ಎತ್ತಿದಳು. ಕಾರಿಗೆ, ಬಸ್ಸಿಗೆ, ಬಸ್ ಸ್ಟಾಪಿನಲ್ಲಿ ನಿಂತ ಸನ್ಯಾಸಿನಿಗೆ. ಚುನಾವಣೆಗೆ ನಿಂತ ದಂಪತಿಗಳ ಮೆರವಣಿಗೆಯಂತೆ ಬೈಕು ಗುಡ್ಡ ಏರಿತು.

ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಗುರುಗುಟ್ಟಿಸುತ್ತ ನಿಂತರು. ಹೆಲ್ಮಾ ಹೆಲ್ಮೆಟ್ಟಿನ ಗಾಜು ಎತ್ತಿದಳು. ಕೆನ್ನೆಗಳು ಆಗಷ್ಟೇ ಓವನ್ನಿನಿಂದ ತೆಗೆದ ಬನ್ನಿನ ಹಾಗಿದ್ದವು.

"ಚಳಿ ಆಗ್ತಿದೆಯಾ ವೆಂಡೆಲಿನ್?"

ಆಗುತ್ತಿದೆ ಎಂದರೆ ಬೈಕು ಹೋಯಿತು. ಬಂಡೆ ಹೋಯಿತು, ಬ್ರೆಡ್ಡು ಹೋಯಿತು, ಶನಿವಾರ ಹೋಯಿತು.

"ಚಳೀನಾ? ಎಲ್ಲಿದೆ ಚಳಿ? ಆದ್ರೆ ಬ್ಯಾ... ಬ್ಯಾಟರಿಗೆ ಸ್ವಲ್ಪ ವಿಶ್ರಾಂತಿ..."

"ಬೇಡವಂತೆ. ಮಧ್ಯಾಹ್ನವೇ ಗೆರೋಲ್ಡ್ ಹತ್ರ ಕೇಳಿದ್ದೆ. ಗಾಡಿ ಓಡ್ತಾ ಇದ್ರೆ ಬ್ಯಾಟರಿ ತನ್ನ ಪಾಡಿಗೆ ತಾನು ತುಂಬಿಕೊಳ್ಳುತ್ತಂತೆ. ಗೇಟು ತೆಗೆದ್ರು, ಹೊರಡು."

ಕೂನೊನ ಅಂಗಳಕ್ಕೆ ನಾಲ್ಕಕ್ಕೆ ಸರಿಯಾಗಿ ತಲುಪಿದರು. ಹೆಲ್ಮಾ ವೈರು ಕಿತ್ತು, ಹುಡುಗಿಯ ಹಾಗೆ ಜಿಗಿದಿಳಿದಳು. ವೆಂಡೆಲಿನ್ ಇಳಿಯಲಿಲ್ಲ. ಇಳಿಯಬೇಕಾದರೆ ಹ್ಯಾಂಡಲ್ ಬಿಡಬೇಕು. ಬಿಡಲು ಬೆರಳುಗಳು ಒಪ್ಪುತ್ತಿರಲಿಲ್ಲ.

ಕೂನೊ ಬಂದು ಬೈಕಿನ ಸುತ್ತ ನಿಧಾನವಾಗಿ ನಡೆದ. ಮುಂದಿನ ಚಕ್ರಕ್ಕೆ ಒಮ್ಮೆ ಒದ್ದ. ಕೊಳ್ಳುವವರು ಒದೆಯುವ ಹಾಗೆಯೇ ಒದ್ದ.

"ಭಾವ, ಇಳಿಯಲ್ವಾ?"

"ನೋಟ... ಚೆನ್ನಾಗಿದೆ. ನೋಡ್ತಿದ್ದೀನಿ."

ಕೂನೊ ಅತ್ತ ತಿರುಗಿ ನೋಡಿದ. ಅಲ್ಲಿ ಅವನ ಸಗಣಿ ಗುಡ್ಡೆ ಇತ್ತು.

ಒಳಗೆ ಕೋಣೆ ಬೆಚ್ಚಗಿಡುವ, ಹೊರಮೈಗೆ ಹೆಂಚು ಹಾಕಿದ ದೊಡ್ಡ ಒಲೆ ಉರಿಯುತ್ತಿತ್ತು. ವೆಂಡೆಲಿನ್ ಕುರ್ಚಿ ಬಿಟ್ಟು ನೇರವಾಗಿ ಅದರ ಹತ್ತಿರ ಹೋಗಿ, ಎರಡೂ ಅಂಗೈ, ಆಮೇಲೆ ಒಂದು ಕೆನ್ನೆ ಅದಕ್ಕೆ ಒತ್ತಿ ನಿಂತ.

"ಏನ್ ಭಾವ, ಚಳೀನಾ?" ಎಂದ ಕೂನೊ. ಹೆಲ್ಮಾ ಕತ್ತು ತಿರುಗಿಸಿದಳು.

"ಇಲ್ಲಪ್ಪ. ಹೆಂಚು ಚೆನ್ನಾಗಿದೆ. ಹೊಸದಾ?"

"ನಮ್ಮಪ್ಪ ಹಾಕಿಸಿದ್ದು. ನಿಮ್ಮ ಮದುವೆ ಮಾತಾಡಿದ್ದೇ ಇದರ ಮುಂದೆ."

ಕೂನೊನ ಹೆಂಡತಿ ರೋಸ್ವಿತಾ ಕೇಕು ಕೊಟ್ಟಳು. ಫೋರ್ಕು ವೆಂಡೆಲಿನ್‌ನ ಕೈಯಿಂದ ತಟ್ಟೆಗೆ, ತಟ್ಟೆಯಿಂದ ನೆಲಕ್ಕೆ ಬಿತ್ತು. "ನಿಮ್ಮ ತುಟಿ ನೀಲಿಯಾಗಿದೆಯಲ್ಲ?" ಎಂದಳು ಆಕೆ.

"ನೇರಳೆ ಬಣ್ಣದ ಹಣ್ಣಿನ ಕೇಕಲ್ವಾ, ಅದಕ್ಕೆ."

"ಇದು ಸೇಬಿನ ಕೇಕು."

ಹೆಲ್ಮಾ ಕಪ್ಪು ಕೆಳಗಿಟ್ಟು ಎಲ್ಲರ ಮುಖವನ್ನೂ ನೋಡಿದಳು. "ವೆಂಡೆಲಿನ್, ಇವರೆಲ್ಲರ ಮುಂದೆ ಕೇಳ್ತಿದ್ದೀನಿ. ದಾರಿಯಲ್ಲಿ ನಿನಗೆ ಚಳಿ ಆಯ್ತಾ?"

"ಒಂಚೂರೂ ಇಲ್ಲ," ಎಂದ ವೆಂಡೆಲಿನ್, ಹಲ್ಲು ಕಚ್ಚಿಕೊಂಡು. ಕಚ್ಚದಿದ್ದರೆ ಅವು ಸದ್ದು ಮಾಡುತ್ತಿದ್ದವು.

"ನನಗೂ ಆಗಲಿಲ್ಲ. ಜೀವನದಲ್ಲಿ ಮೊದಲ ಸಲ ಆ ಜಾಗಕ್ಕೆ ಗಾಳಿ ತಾಗಲಿಲ್ಲ. ಕೂನೊ, ಕ್ಷಮಿಸಪ್ಪ. ಬೈಕು ಕೊಡೋದಿಲ್ಲ."

ವೆಂಡೆಲಿನ್‌ಗೆ ಎದೆಯೊಳಗೆ ಒಂದು ಸಣ್ಣ ಒಲೆ ಹೊತ್ತಿಕೊಂಡ ಹಾಗಾಯಿತು. ಗೆದ್ದೆ ಎಂದುಕೊಂಡ. ಮುಂದಿನ ಶನಿವಾರ ಬಂಡೆ, ಬಿಸಿಲು, ಬ್ರೆಡ್ಡು.

"ಇನ್ನು ಮೇಲೆ ಪ್ರತೀ ಶನಿವಾರ ನಾವಿಬ್ಬರೂ ಬರೋಣ," ಹೆಲ್ಮಾ ಮುಂದುವರಿಸಿದಳು. "ಕಾಲಿಗೂ ಬಿಸಿ ಮಾಡೋದು ಸಿಗುತ್ತಂತೆ. ಅದನ್ನೂ ಹಾಕಿಸೋಣ. ನಿನಗೆ ಹೇಗೂ ಚಳಿ ಆಗೋದಿಲ್ಲ, ಆ ಬಿಸಿ ಹಿಡಿಕೆ ದಂಡ. ಅದನ್ನ ಬಿಚ್ಚಿಸಿ ಅದರ ವೈರನ್ನೇ ನನ್ನ ಬೂಟಿಗೆ ಕೊಟ್ಟರಾಯ್ತು. ಅಲ್ವಾ? ಇನ್ನೊಂದು ವಿಷಯ. ಇಷ್ಟು ವರ್ಷ ರಾತ್ರಿ ಮಲಗೋ ಕೋಣೆಗೆ ಹೀಟರ್ ಹಾಕ್ತಿದ್ದದ್ದು ನಿನಗೋಸ್ಕರ. ಎಷ್ಟು ದುಂದು!"

ಎದೆಯೊಳಗಿನ ಒಲೆ ಆರಿತು.

ಸ್ವಲ್ಪ ಹೊತ್ತಿಗೆ ಕೂನೊ ಸೌದೆ ತರಲು ಎದ್ದ. ವೆಂಡೆಲಿನ್ ಹಿಂದೆಯೇ ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ಅವನ ತೋಳು ಹಿಡಿದ.

"ಕೂನೊ, ಬೈಕು ನೀನೇ ತಗೋ."

"ಅಕ್ಕ ಬೇಡ ಅಂದ್ಳಲ್ಲ ಭಾವ."

"ಅವಳಿಗೆ ನಾನು ಹೇಳ್ತೀನಿ. ನೀನು ಎಷ್ಟಾದ್ರೂ ಕೊಡು. ಏನೂ ಕೊಡಬೇಡ. ಬಸ್ಸಿನ ಹೊತ್ತು ಯಾವಾಗ ಹೇಳು, ಸಾಕು."

ಕೂನೊ ಕೈಯಲ್ಲಿದ್ದ ಸೌದೆ ಕೆಳಗೆ ಹಾಕಿ ನಗಲು ಶುರುಮಾಡಿದ. ಪಕ್ಕದಲ್ಲಿದ್ದ ಹಸು ಮೆಲುಕು ಹಾಕುವುದು ನಿಲ್ಲಿಸಿ ಅವನನ್ನೇ ನೋಡಿತು.

"ನನಗ್ಯಾಕೆ ಭಾವ ಬೈಕು? ದಿನಾ ಬೆಳಿಗ್ಗೆ ಹಾಲು ಕರೆಯೋನು, ನಾನೆಲ್ಲಿಗೆ ಹೋಗ್ಲಿ ಅದರಲ್ಲಿ?"

"ನೀನು ಕೇಳ್ತಿದ್ದೆ ಅಂತ ಹೆಲ್ಮಾ..."

"ನಾನು ಕೇಳೇ ಇಲ್ಲ. ಅಕ್ಕ ಫೋನ್ ಮಾಡಿದ್ಳು. 'ಭಾವ ಬಂದಾಗ ಚಕ್ರಕ್ಕೆ ಒಂದು ಒದ್ದು ಸುಮ್ಮನಿರು, ಉಳಿದದ್ದು ನಾನು ನೋಡ್ಕೋತೀನಿ' ಅಂದ್ಳು. ಹನ್ನೊಂದು ವರ್ಷದಿಂದ ನೀವು ಅವಳನ್ನ ಒಂದು ಸಲನೂ ಕರ್ಕೊಂಡು ಹೋಗಿಲ್ವಂತೆ. ಬರ್ತೀನಿ ಅಂದಾಗಲೆಲ್ಲ 'ನಿನಗೆ ಚಳಿ ಆಗುತ್ತೆ' ಅಂತ ಬಾಗಿಲು ಎಳ್ಕೊಂಡು ಹೋಗ್ತಿದ್ರಂತೆ. ಅವಳಿಗೆ ಬರೋ ಆಸೆ ಭಾವ, ಅಷ್ಟೇ. ಮಾರೋ ಮಾತೆಲ್ಲ ಸುಳ್ಳು."

ವೆಂಡೆಲಿನ್ ಸೌದೆಯ ರಾಶಿಯ ಮೇಲೆ ಕೂತ. ಮೊದಲು ನಾಚಿಕೆಯಾಯಿತು. ಪಾಪ ಹೆಲ್ಮಾ ಎನ್ನಿಸಿತು. ಆಮೇಲೆ ಒಂದು ಯೋಚನೆ ಬಂದು ಮೈ ಸ್ವಲ್ಪ ಬೆಚ್ಚಗಾಯಿತು. ಮಾರುವ ಮಾತೇ ಸುಳ್ಳಾದರೆ ಇನ್ನು ಹೆದರಿಕೆ ಯಾತಕ್ಕೆ? ಚಳಿ ಎಂದರೆ ಚಳಿ ಎನ್ನಬಹುದು. ಗಂಡ ಹೆಂಡತಿ ನಡುವೆ ಮುಚ್ಚುಮರೆ ಯಾಕೆ? ಒಳ್ಳೆಯ ಮಾತಿನಲ್ಲಿ ಹೇಳಿದರೆ ಹೋಗುವಾಗ ಅರ್ಧ ದಾರಿ ಅವಳಿಗೆ, ಅರ್ಧ ದಾರಿ ತನಗೆ.

ಎದ್ದು ಒಳಗೆ ಹೋದ. ಹೆಲ್ಮಾ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

"ಹೆಲ್ಮಾ," ಎಂದ, ತಪ್ಪೊಪ್ಪಿಗೆಗೆ ನಿಂತವನ ಹಾಗೆ. "ನಿಜ ಹೇಳ್ತೀನಿ. ನನಗೆ ಚಳಿ ಆಯ್ತು. ಬಹಳ ಚಳಿ ಆಯ್ತು. ಈಗಲೂ ಆಗ್ತಿದೆ. ಹೋಗುವಾಗ ಸ್ವಲ್ಪ ಹೊತ್ತು ಸ್ವಿಚ್ಚನ್ನ ನನ್ನ ಕಡೆ ಒತ್ತು."

ಹೆಲ್ಮಾ ಅವನನ್ನು ನೋಡಿದಳು, ತಮ್ಮನನ್ನು ನೋಡಿದಳು, ಸೊಂಟಕ್ಕೆ ಕೈಯಿಟ್ಟಳು.

"ಕೇಳಿದ್ಯಾ ರೋಸ್ವಿತಾ? ಈಗಷ್ಟೇ ನಿಮ್ಮೆಲ್ಲರ ಮುಂದೆ ಒಂಚೂರೂ ಇಲ್ಲ ಅಂದ. ರೈಲ್ವೆ ಗೇಟಲ್ಲಿ 'ಎಲ್ಲಿದೆ ಚಳಿ' ಅಂತ ಕೇಳಿದ. ದಾರಿಯುದ್ದಕ್ಕೂ ಕೈ ಬೀಸ್ತಾ ಕುಣೀತಾ ಬಂದ. ಪ್ರತೀ ಶನಿವಾರ ನಾನೂ ಬರ್ತೀನಿ ಅಂದೆ ನೋಡು, ತಕ್ಷಣ ಚಳಿ ಬಂತು!"

"ಇಲ್ಲ ಹೆಲ್ಮಾ, ದೇವರಾಣೆ..."

"ಹನ್ನೊಂದು ವರ್ಷ 'ನಿನಗೆ ಚಳಿ' ಅಂತ ಬಿಟ್ಟುಹೋದೆ. ಅದು ನಡೆಯಲ್ಲ ಅಂತಾದ ಮೇಲೆ 'ನನಗೆ ಚಳಿ' ಅಂತ ಹೊಸ ರಾಗ. ಒಬ್ಬನೇ ಬರೋಕೆ ನೆಪ! ನನಗೆ ಇಷ್ಟೂ ಅರ್ಥ ಆಗಲ್ವಾ?"

ವೆಂಡೆಲಿನ್ ಕೂನೊನ ಮುಖ ನೋಡಿದ. ಕೂನೊ ಒಲೆಯ ಹೆಂಚುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಹೊರಗೆ ಬಿಸಿಲು ಹೋಗಿ ಮೋಡ ಕವಿದಿತ್ತು. ಏಪ್ರಿಲ್ ತಿಂಗಳಿಗೆ ಆ ಗುಡ್ಡದ ಮೇಲೆ ಮಾನ ಮರ್ಯಾದೆ ಇಲ್ಲ; ನೋಡನೋಡುತ್ತಿದ್ದಂತೆ ಹಿಮದ ಹರಳು ಉದುರಲು ಶುರುವಾಯಿತು. ಬ್ಯಾಟರಿ ಮಾತ್ರ ದಾರಿಯುದ್ದಕ್ಕೂ ಚೆನ್ನಾಗಿ ತುಂಬಿಕೊಂಡಿತ್ತು. ಬಟನ್ ಒತ್ತಿದ ಕೂಡಲೇ ಎಂಜಿನ್ ಎದ್ದಿತು. ಈ ಲೋಕದಲ್ಲಿ ಬೇಡದ ಹೊತ್ತಿನಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ.

ಹೆಲ್ಮಾ ಹಿಂದೆ ಹತ್ತಿ ಕೂತು, ಲಂಗ ಸರಿಮಾಡಿಕೊಂಡು, ವೈರು ಸಿಕ್ಕಿಸಿಕೊಂಡಳು. ಸ್ವಿಚ್ಚು ಟಕ್ಕೆಂದಿತು. ವೆಂಡೆಲಿನ್ ತಣ್ಣನೆಯ ಹಿಡಿಕೆಗಳನ್ನು ಹಿಡಿದು, ಕೊನೆಯ ಆಸೆಯಿಂದ ಸ್ವಲ್ಪ ಹೊತ್ತು ಹೊರಡದೆ ನಿಂತ. ಅವನ ಮೀಸೆಯ ಮೇಲೆ ಹಿಮ ಕೂರತೊಡಗಿತು.

ಹಿಂದಿನಿಂದ ಬೆನ್ನಿಗೆ ಒಂದು ತಿವಿತ ಬಿತ್ತು.

"ಬೇಗ ಹೊರಡು ವೆಂಡೆಲಿನ್. ನಿಂತ ಕಡೆ ನಿಂತ್ರೆ ನನಗೆ ಸೆಖೆ ಆಗುತ್ತೆ."